ಬುರುಡೆ

ಹಗಲೆಲ್ಲ ನಾನು ತೆಗೆಯುವುದು ಬುರುಡೆಯ ಚಿತ್ರ,
ಬೆನ್ನಿನ, ಎದೆಗೂಡಿನ, ಬಿದ್ದು ಮುರಿದ ಮಣಿಕಟ್ಟಿನ ಚಿತ್ರ.
ಉಸಿರು ಎಳಕೊಳ್ಳಿ. ಹಿಡಕೊಳ್ಳಿ. ಬಿಡಿ.
ಗುರುವಾರ ರಾತ್ರಿ ಬಿಡುವುದೂ ಬುರುಡೆಯೇ,
ಆಸ್ಟ್ರೇಲಿಯಾದ ಈ ಮೂಲೆ, ವೈಯಾಲಾದಲ್ಲಿ,
ಉಕ್ಕಿನ ಕಾರ್ಖಾನೆಯ ಕೆಂಧೂಳು
ಇಸ್ಪೀಟೆಲೆಯ ಅಂಚಿಗೂ ಬಂದು ಕೂರುವ
ಬ್ರಾಂಕೋನ ಗರಾಜಿನಲ್ಲಿ.

ಬ್ರಾಂಕೋ ಪ್ರತಿ ಆಟಕ್ಕೂ ಬಿಡುತ್ತಾನೆ.
ಬರಿಗೈಯಲ್ಲೇ ಬಿಲ್ಲೆಗಳ ರಾಶಿ ಮುಂದೆ ತಳ್ಳಿ
ಹುಬ್ಬು ಕುಣಿಸುತ್ತಾನೆ.
ನಿಜವಾಗಿಯೇ ಮೂರು ಎಕ್ಕ ಬಂದ ರಾತ್ರಿ
ಯಾರೂ ನಂಬದೆ ದುಡ್ಡು ಕಟ್ಟಿದೆವು, ಗೆದ್ದ;
ಆ ಗೆಲುವು ಹಿಂದಿನ ಏಳು ವಾರದ ಸಾಲಕ್ಕೆ ಸಾಲಲಿಲ್ಲ.

ಡೊರೀನ್ ಬಿಡುವುದೇ ಇಲ್ಲ.
ಅವಳು ಎರಡು ಡಾಲರ್ ಏರಿಸಿದರೆ ಸಾಕು,
ಮೂವರೂ ಎಲೆ ಕವುಚಿ ಟೀ ಕಾಯಿಸಲು ಏಳುತ್ತೇವೆ.
ಜೋಡಿ ರಾಣಿಯರನ್ನು ಹಿಡಿದು ಕೂತಿರುತ್ತಾಳೆ,
ಎಲೆ ಹಾಕಿ ಕಾದರೂ
ಉಣ್ಣಲು ಯಾರೂ ಬಾರದ ಮನೆಯವಳ ಹಾಗೆ.

ಹಾಗಾದರೆ ಎಷ್ಟು? ನೆವಿಲ್ ಹೇಳಿಕೊಟ್ಟ,
ನಲವತ್ತು ವರ್ಷ ಅದಿರಿನ ರೈಲು ಓಡಿಸಿದವನು.
(ರೈಲು ಬಿಡುವುದೆಂದರೆ ನಮ್ಮ ಕಡೆ ಏನರ್ಥ
ಎಂದು ಹೇಳಿದಾಗ ಕೆಮ್ಮು ಬರುವಷ್ಟು ನಕ್ಕಿದ್ದ.)
"ಖಾಲಿ ಬೋಗಿಯ ಸದ್ದೇ ಬೇರೆ, ತುಂಬಿದ್ದರದೇ ಬೇರೆ.
ಬಿಡುವುದಾದರೆ ಮೊದಲ ಎಲೆಯಿಂದಲೇ
ತುಂಬಿದ ಬೋಗಿಯ ಹಾಗೆ ನಿಧಾನ ಬಾ.
ಕೊನೆಯ ಎಲೆಗೆ ಬಂದು ಸಿಳ್ಳೆ ಹೊಡೆದರೆ
ಯಾರೂ ಹಳಿ ಬಿಟ್ಟು ಏಳುವುದಿಲ್ಲ.
ಮತ್ತೆ, ಕಳಕೊಳ್ಳಲು ಏನೂ ಉಳಿಯದವನ ಎದುರು ಬಿಡಬೇಡ.
ಅವನು ನೋಡಿಯೇ ತೀರುತ್ತಾನೆ."

ಜೂನಿನಲ್ಲಿ ಇಲ್ಲಿಯ ಕೊಲ್ಲಿಗೆ ಬೊಂಡಾಸ್ ಬರುತ್ತವೆ, ಸಾವಿರಗಟ್ಟಲೆ,
ನಮ್ಮ ಮಲ್ಪೆಯ ಬಲೆಗೆ ಬೀಳುವುದಕ್ಕಿಂತ ಎಷ್ಟೋ ದೊಡ್ಡವು.
ಸಣ್ಣ ಗಂಡೊಂದು ಹೆಣ್ಣಿನ ಬಣ್ಣ ಉಟ್ಟು
ದೊಡ್ಡ ಗಂಡಿನ ಕಣ್ಣೆದುರೇ ದಾಟುತ್ತದೆ,
ದಾಟುವಷ್ಟು ಹೊತ್ತು ಮಾತ್ರ.
ದೋಣಿಯಿಂದ ಬಗ್ಗಿ ತೋರಿಸಿದವನೂ ಅವನೇ.

ಮಂಗಳವಾರ ನನ್ನ ಯಂತ್ರದ ಮುಂದೆ ಅಂಗಿ ಬಿಚ್ಚಿ ನಿಂತವನೂ.
ಎಳಕೋ, ನೆವಿಲ್. ಹಿಡಕೋ.
ಪರದೆಯಲ್ಲಿ, ಬಲ ಶ್ವಾಸಕೋಶದ ಮೇಲ್ತುದಿಗೆ
ಎಂಟಾಣೆಯಷ್ಟು ಬಿಳುಪು.
ಹೇಳುವ ಅಧಿಕಾರ ನನ್ನದಲ್ಲ.
"ಡಾಕ್ಟರು ಫೋನ್ ಮಾಡುತ್ತಾರೆ" ಎಂದೆ,
ಎಲ್ಲರಿಗೂ ಅನ್ನುವ ಅದೇ ದನಿಯಲ್ಲಿ.
ಅದೇ ದನಿ, ಅಂತ ನಾನಂದುಕೊಂಡೆ.

ಗುರುವಾರ ಬಂದ. ಫೋನ್ ಇನ್ನೂ ಬಂದಿರಲಿಲ್ಲ.
ಹನ್ನೊಂದರ ಹೊತ್ತಿಗೆ ನನ್ನ ಕೈಯಲ್ಲಿ
ಕಳಾವರ್ ಏಳು, ಇಸ್ಪೀಟ್ ಎರಡು: ಏನೂ ಇಲ್ಲ.
ಮೇಜಿನ ಮೇಲೆ ನಾಲ್ಕು ಆಟೀನು, ನಲವತ್ತಮೂರು ಡಾಲರ್.
ಮೊದಲಿನಿಂದಲೂ ತುಂಬಿದ ಬೋಗಿಯಂತೆ ಬಂದಿದ್ದೆ.
ಇದ್ದದ್ದೆಲ್ಲ ತಳ್ಳಿದೆ.

ನೆವಿಲ್ ತನ್ನ ಎಲೆ ನೋಡಲಿಲ್ಲ. ನನ್ನ ಮುಖ ನೋಡಿದ,
ಮಂಜಿನಲ್ಲಿ ಸಿಗ್ನಲ್ ಹುಡುಕುವವನ ಹಾಗೆ, ಬಹಳ ಹೊತ್ತು.
ಬ್ರಾಂಕೋ ಬೀರು ಕೆಳಗಿಟ್ಟ.
ಉಸಿರು ಎಳೆದೆ. ಹಿಡಿದೆ.
"ಇದೆ, ಅಲ್ವಾ?"
ಉತ್ತರಿಸುವಂತಿಲ್ಲ. ಎರಡೂ ಕಡೆ ನಿಯಮ ಒಂದೇ.
"ಇದೆ," ಅಂದ ಅವನೇ, ಈ ಸಲ ಪ್ರಶ್ನೆಯಿಲ್ಲದೆ,
ಆಟೀನ್ ರಾಜನನ್ನು ಒಮ್ಮೆ ತಿರುಗಿಸಿ ತೋರಿಸಿ
ಮೆಲ್ಲನೆ ಕವುಚಿಟ್ಟ.

ಗೆದ್ದವಳು ಎಲೆ ತೋರಿಸಬೇಕಿಲ್ಲ.
ಬಿಲ್ಲೆಗಳನ್ನು ಬಾಚಿಕೊಂಡೆ, ಕೈಗೆ ಧೂಳು ಹತ್ತಿತು.
ಬಿಡಿ, ಎಂದು ಯಾರೂ ಹೇಳಲಿಲ್ಲ;
ಹಿಡಿದ ಉಸಿರು
ಕಾರಿನವರೆಗೂ ಹಾಗೇ ಇತ್ತು.