ಹಮ್ಮಬ್ಬ ಬರೆಸಿದ ಶಾಲಾ ಚರಿತ್ರೆ

ಬರೆದುಕೊಳ್ಳಿ ಉಸ್ತಾದ್ ಮಿಶಾರಿ,
ಐವತ್ತು ತುಂಬಿತೆಂದು ಪುಸ್ತಕ ಮಾಡುತ್ತೀರಂತೆ.
ಸ್ಥಾಪನೆ ಎಪ್ಪತ್ತಾರು ಎನ್ನುತ್ತದೆ ಗೇಟಿನ ಕಲ್ಲು.
ಅದು ಕಲ್ಲು ಕೂರಿಸಿದ ವರ್ಷ. ಪಾಠ ಶುರುವಾದದ್ದು
ಮರುವರ್ಷ, ನೀರಿನ ಪೈಪು ಬಂದ ಮೇಲೆ.
ಹೇಳಿದವನು ನನಗಿಂತ ಮುಂಚಿನ ಕಾವಲುಗಾರ,
ಬಲೂಚಿ ಮುದುಕ; ಅವನು ಸುಳ್ಳು ಹೇಳುತ್ತಿದ್ದದ್ದು
ತನ್ನ ವಯಸ್ಸಿನ ವಿಷಯದಲ್ಲಿ ಮಾತ್ರ.

ನಾನು ಬಂದದ್ದು ಎಂಬತ್ತಮೂರಕ್ಕೆ.
ಆಗ ಫಿಂತಾಸ್ ಊರೂ ಅಲ್ಲ, ಪೇಟೆಯೂ ಅಲ್ಲ.
ಒಂದು ಕಡೆ ಟೊಮೆಟೊ ತೋಟ, ಒಂದು ಕಡೆ ಸಮುದ್ರ,
ನಡುವೆ ಒಂದೇ ಬಣ್ಣದ ಸರಕಾರಿ ಮನೆಗಳು,
ಈ ಶಾಲೆ, ಮೂವತ್ತಾರು ಬೀಗ.
ರಸಾಯನದ ಕೋಣೆಯದ್ದನ್ನು ಎತ್ತಿ ತಿರುಗಿಸಬೇಕು,
ಗ್ರಂಥಾಲಯದ್ದಕ್ಕೆ ಬಿಸ್ಮಿ ಹೇಳಬೇಕು.

ಬೋಧಕವರ್ಗ ಎಂದು ಕೇಳಿದ್ದೀರಿ.
ಗಣಿತಕ್ಕೆ ನಿಹಾದ್ ಮೇಷ್ಟ್ರು, ನಾಬ್ಲಸಿನವರು.
ಕಂಪಾಸಿಲ್ಲದೆ ಬರೇ ತೋಳು ಬೀಸಿ
ಬೋರ್ಡಿನ ತುಂಬ ವೃತ್ತ ಬರೆಯುತ್ತಿದ್ದರು;
ಸುತ್ತು ಕೂಡಿದಲ್ಲಿ ಗಂಟೂ ಕಾಣುತ್ತಿರಲಿಲ್ಲ.
ತೊಂಬತ್ತರ ಜೂನಿನಲ್ಲಿ, ಕೊನೆಯ ಪಾಠದ ದಿನ,
‘ಒರೆಸಬೇಡ ಹಮ್ಮಬ್ಬಾ,
ಸೆಪ್ಟೆಂಬರಿಗೆ ಇಲ್ಲಿಂದಲೇ ಮುಂದುವರಿಸುತ್ತೇನೆ’ ಅಂದರು.

ಆಗಸ್ಟಿನಲ್ಲಿ ಟ್ರಕ್ಕುಗಳು ಬಂದವು.
ಸೈನಿಕರು, ನಮ್ಮ ಕೊನೆಯ ಕ್ಲಾಸಿನವರಷ್ಟೇ ದೊಡ್ಡವರು,
ಬೆಂಚು ಮುರಿದು ಚಹಾ ಕಾಯಿಸಿದರು.
ಒಬ್ಬ ಮಾತ್ರ ಹಾಜರಿ ಪುಸ್ತಕ ತೆರೆದು
ಹೆಸರು ಕೂಗುತ್ತಿದ್ದ, ಪ್ರತಿ ಹೆಸರಿಗೂ
ತಾನೇ ಹಾಜರ್ ಎನ್ನುತ್ತಿದ್ದ.
ಇದನ್ನು ಹಾಕುವುದೋ ಬಿಡುವುದೋ, ನಿಮಗೆ ಬಿಟ್ಟದ್ದು.

ಮರುಭೂಮಿ ದಾಟಿ ಫರಂಗಿಪೇಟೆ ಮುಟ್ಟಿದಾಗ
ನನ್ನ ಬೆಲ್ಟಿನಲ್ಲಿ ಮೂವತ್ತಾರೂ ಬೀಗದಕೈ.
‘ಎಲ್ಲರೂ ಚಿನ್ನ ತಂದರು, ನೀವು ತುಕ್ಕು ತಂದಿರಿ’
ಎಂದಳು ಹೆಂಡತಿ.
ತೊಂಬತ್ತೆರಡಕ್ಕೆ ಮರಳಿದರೆ ಬಾಗಿಲುಗಳೇ ಹೊಸವು.
ಒಂದೂ ಕೂರಲಿಲ್ಲ.
ನಿಹಾದ್ ಮೇಷ್ಟ್ರಿಗೆ ವೀಸಾ ಸಿಗಲಿಲ್ಲ.
ಬೋರ್ಡು ಹಾಗೇ ಇತ್ತು. ವೃತ್ತಕ್ಕೆ ಯಾರೋ
ಕಣ್ಣು ಬರೆದಿದ್ದರು, ಮೀಸೆ ಬರೆದಿದ್ದರು.
ಒರೆಸಿದವನು ನಾನೇ.

ಬೋಧನಾ ಮಾಧ್ಯಮ: ಅರಬಿ.
ಅಲ್ಲ, ಒಂದು ನಿಮಿಷ.
ತೊಂಬತ್ತೇಳರ ಬೇಸಗೆಯಲ್ಲಿ ವಿಸಿಟ್ ವೀಸಾ ಸಿಕ್ಕಿ
ಮಗಳು ರುಕಿಯಾ ಮೂರು ತಿಂಗಳು ಇಲ್ಲಿದ್ದಳು, ಐದನೇ ಕ್ಲಾಸು.
ಒಂದು ಶುಕ್ರವಾರ ಜುಮಾ ಮುಗಿಸಿ ಬಂದರೆ
ಎಂಟನೇ ಕೋಣೆಯಲ್ಲಿ ಏಸಿ ಹಾಕಿಕೊಂಡು
ಸೀಮೆಸುಣ್ಣ ಹಿಡಿದು ಟೀಚರಾಗಿದ್ದಾಳೆ.
ನಾನು ನಾಲ್ಕಕ್ಕೇ ಬಿಟ್ಟವನು. ಮುಂದಿನ ಬೆಂಚಿಗೆ ಕೂರಿಸಿದಳು.
‘ಉಪ್ಪ’ ಎಂದು ಬರೆಯಲು ಹೇಳಿದಳು. ಒತ್ತು ಬಿಟ್ಟೆ.
‘ಹಾಗಾದರೆ ಅದು ಉಪ’, ನಕ್ಕಳು,
‘ಉಪನದಿ, ಉಪನಗರ ಇದ್ದ ಹಾಗೆ,
ಪಕ್ಕದಲ್ಲಿರುವಂಥದ್ದು, ಪೂರ್ತಿ ಅಲ್ಲದ್ದು.’
ಆಮೇಲೆ ನಗು ನಿಲ್ಲಿಸಿ ಹತ್ತು ಸಲ ಬರೆಸಿದಳು.

ಈಗ ಅವಳು ನಿಜವಾಗಿಯೂ ಟೀಚರು, ಪುತ್ತೂರಿನಲ್ಲಿ.
ಫೋನಿನಲ್ಲಿ ನನ್ನ ಸ್ಪೆಲ್ಲಿಂಗು ಈಗಲೂ ತಿದ್ದುತ್ತಾಳೆ.

ಹಳೆಯ ವಿದ್ಯಾರ್ಥಿಗಳೆಂದು ಇಬ್ಬರು ಪೈಲಟರು,
ಒಬ್ಬ ಹೃದಯದ ಡಾಕ್ಟರು, ಗೋಲ್‌ಕೀಪರ್ ಒಬ್ಬ; ಸರಿ.
ಕೆಳಗೆ ಜಾಗ ಉಳಿದರೆ ಸೇರಿಸಿ:
ಹಮ್ಮಬ್ಬ, ಕನ್ನಡ ಮಾಧ್ಯಮ, ಎಂಟನೇ ಕೋಣೆ, ಒಂದು ದಿನ,
ಫೇಲು.

ಸಾಧನೆ ಎಂಬಲ್ಲಿ ಏನು ಬರೆಸಲಿ?
ತಡೀರಿ, ನೀರಿನ ಟ್ಯಾಂಕರು ಆಗಿನಿಂದ
ಹಾರ್ನು ಹೊಡೆಯುತ್ತಿದೆ,
ಗೇಟು ತೆಗೆದು ಬರುತ್ತೇನೆ.