ಕಾಯುವುದು

ಕಂಟೋನ್ಮೆಂಟ್ ಗೇಟು ಬಿದ್ದಾಗ ನಾನು ಕಾಯುತ್ತೇನೆ,
ಗಾಡಿ ಕಾಯುವುದಿಲ್ಲ.
ಕುಡತಿನಿ ದಾಟುವಾಗ ಗಾಡಿ ಕಾಯುತ್ತದೆ,
ಆಮೇಲೆ ಜಾಲಿಗಿಡದ ಚೂರು ನೆರಳಲ್ಲಿ
ಒಂದು ತಾಸು ನಾನು.

ಎಂಬತ್ತಾರರ ಫಿಯೆಟ್. ಹಿಂದಿನ ಸೀಟು ಕಿತ್ತುಹಾಕಿ
ಜೀನ್ಸಿನ ಬಂಡಲು ಹೇರುತ್ತೇನೆ,
ಹೊಸಪೇಟೆ ಪಾರ್ಟಿಗೆ ನೂರಿಪ್ಪತ್ತು ಜೊತೆ ಕಾಲು,
ಮಡಚಿ ಮಲಗಿದ್ದು, ಗಂಜಿ ವಾಸನೆಯದು.
ಸ್ಪೀಡು ಐವತ್ತು ದಾಟಿತೋ, ಮುಳ್ಳು ಮೆಲ್ಲಗೆ ಎದ್ದು
ಕೆಂಪು ಗೆರೆಗೆ ತಲೆಯಾನಿಸುತ್ತದೆ.
ಬಾನೆಟ್ಟಿನ ಸಂದಿಯಿಂದ ಹಬೆ.
ಅತ್ತ ಕರೆಂಟು ಕಾರ್ಖಾನೆಯ ಹೊಟ್ಟೆಗೂಡುಗಳೂ ಹಬೆ ಬಿಡುತ್ತಿರುತ್ತವೆ.
ಅವನ್ನು ಯಾರೂ ನಿಲ್ಲಿಸಿ ಏನಾಯ್ತು ಅನ್ನುವುದಿಲ್ಲ.

ಮೊದಲನೆಯ ಮೆಕ್ಯಾನಿಕ್ಕು ಥರ್ಮೋಸ್ಟಾಟ್ ಕಿತ್ತು ನನ್ನ ಕೈಗೇ ಇಟ್ಟ,
ಇದೆಲ್ಲ ಊಟಿಯವರಿಗೆ, ಬಳ್ಳಾರಿಗ್ಯಾಕ್ರಿ ಎಂದ.
ಎರಡನೆಯವ ವಾಟರ್ ಪಂಪು ಬದಲಿಸಿದ.
ಮೂರನೆಯವ ದೂರದಿಂದಲೇ: ಹೆಡ್ಡು ಹೋಗಿದೆ, ತೂಕಕ್ಕೆ ಹಾಕಿ.
ನಮ್ಮ ಭಾವ, ಗಾಡಿ ನನಗೆ ದಾಟಿಸಿದವನೇ ಅವನು,
ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿದ.
ಬಿಸಿಲು ತಕರಾರು ಮಾಡಲಿಲ್ಲ.

ಕೌಲ್ ಬಜಾರಿನ ಖಾದರ್‌ವಲಿ ಗಾಡಿ ಮುಟ್ಟದೆ
ನನ್ನನ್ನು ಕೇಳಿದ:
"ನಿಂತಾಗ ಕಾಯ್ತದೋ, ಓಡಿದಾಗ ಕಾಯ್ತದೋ?"
ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ.
"ಓಡಿದಾಗ."
"ಮುಂಜಾನೆ ಸೈಲೆನ್ಸರಿನಾಗ ಬೆಳ್ಳನ ಹೊಗೆ?"
"ಇಲ್ಲ."
ಆಯಿಲ್ ಕಡ್ಡಿ ಎಳೆದು ಹೆಬ್ಬೆರಳಿಗೆ ಸವರಿ ಬೆಳಕಿಗೆ ಹಿಡಿದ.
"ಹಾಲು ಬೆರೆತಿಲ್ಲ. ಹೆಡ್ಡು ಗಟ್ಟಿ ಐತೆ.
ಕುಂದರ್ರಿ. ಆರಲಿ."

ರೇಡಿಯೇಟರ್ ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಸಿ ಎದ್ದು ಹೋದ.
ಅವನ ಮುಂಗೈ ಉದ್ದಕ್ಕೂ ಸುಟ್ಟು ನುಣುಪಾದ ಕಲೆ,
ಹದಿನೈದರಲ್ಲಿ ಮಾಡಿದ ಅವಸರದ ರಸೀತಿ.
ನಾನೂ ಅವನ ಹುಡುಗ ಎರ್ರಿಸ್ವಾಮಿಯೂ
ಮಂಡಕ್ಕಿ ಒಗ್ಗರಣೆ ತಿಂದೆವು, ಮೆಣಸಿನಕಾಯಿ ಕಚ್ಚಿ
ಇಬ್ಬರೂ ಬಾಯಿ ಬಿಟ್ಟು ಉಸಿರಾಡಿದೆವು.

ಜಾಲರಿ ತುಂಬ ನೀಲಿ ನೂಲು. ನಮ್ಮದೇ.
ಅದರ ಮೇಲೆ ಅದಿರಿನ ದೂಳು ಕೂತು ಕೆಂಪು ಕೆನೆ.
ಹಲ್ಲುಜ್ಜುವ ಬ್ರಷ್ಷಲ್ಲಿ ಕೆರೆದರೆ
ಬೆಕ್ಕಿನ ಮರಿಯಷ್ಟು ಉಂಡೆ ಬಂತು.
"ಸಿಕ್ಕಿತಲ್ಲ!" ಎಂದೆ.
"ಇದು ಊರು ರೀ," ಎಂದ ಖಾದರ್‌ವಲಿ,
"ರೋಗ ಇನ್ನಾ ಒಳಗೈತೆ."

ನನ್ನನ್ನು ಒಳಗೆ ಕೂರಿಸಿ ಎಕ್ಸಲೇಟರ್ ಒತ್ತಿಸಿದ,
ತಾನು ಕೆಳಗೆ ಮಲಗಿ.
ಒತ್ರಿ. ಬಿಡ್ರಿ. ಇನ್ನಾ ಒತ್ರಿ.
ಆಮೇಲೆ ಎರ್ರಿಸ್ವಾಮಿಯನ್ನು ಸೀಟಿಗೆ ಹತ್ತಿಸಿ
ನನ್ನ ತೋಳು ಹಿಡಿದು ನೆಲಕ್ಕೆಳೆದ.
ನೋಡಿದೆ: ಕೆಳಗಿನ ರಬ್ಬರ್ ಪೈಪು,
ಕಪ್ಪಗೆ, ದುಂಡಗೆ, ಯಾವ ಕಾಯಿಲೆಯೂ ಇಲ್ಲದ ಹಾಗೆ.
ಇಂಜಿನ್ ಕೂಗಿತು. ಪೈಪು
ಬೀಡಿಯ ಕೊನೆ ದಮ್ಮು ಎಳೆಯುವ ಕೆನ್ನೆಯಂತೆ
ಒಳಕ್ಕೆ ಹೋಯಿತು, ಎರಡು ಗೋಡೆ ಅಂಟಿತು,
ಹನಿ ನೀರಿಗೂ ದಾರಿ ಇಲ್ಲ.
ಹುಡುಗ ಕಾಲು ತೆಗೆದ. ಮತ್ತೆ ದುಂಡಗೆ.
ನಾನಲ್ಲಪ್ಪ ಅನ್ನುವ ಮುಖ.

ಮೂವರೂ ಇದನ್ನು ನಿಂತಾಗಲೇ ನೋಡಿದ್ದರು.

ಬಿಚ್ಚಿದರೆ ಒಳಗಿನ ಸ್ಪ್ರಿಂಗು
ಚಮಚೆಯಷ್ಟು ತುಕ್ಕಾಗಿ ಅಂಗೈಗೆ ಸುರಿಯಿತು.
ಗುಜರಿ ಡಬ್ಬ ಬುಡಮೇಲು ಮಾಡಿ
ಸತ್ತ ಯಾವುದೋ ಫಿಯೆಟ್ಟಿನ ಸ್ಪ್ರಿಂಗು ಹುಡುಕಿ
ಹೊಸ ಪೈಪಿಗೆ ತಿರುಪಿ ತೂರಿಸಿದ.
ಇನ್ನೂರ ನಲವತ್ತು. ಬೋರಿನ ನೀರು ಹಾಕಬ್ಯಾಡ್ರಿ ಎಂದ.

ಕುಡತಿನಿ ದಾಟಿದೆ, ಅರವತ್ತರಲ್ಲಿ. ಮುಳ್ಳು ಅಡ್ಡ ಮಲಗಿತ್ತು.
ತಡವಾಗಿದ್ದಕ್ಕೆ ಪಾರ್ಟಿ ಬೈದ, ಬೈಸಿಕೊಂಡೆ.
ಮರಳುವಾಗ ರಾತ್ರಿ ಹತ್ತು. ಕೋಟೆಗುಡ್ಡದ ಬಂಡೆ ಇನ್ನೂ
ಮಧ್ಯಾಹ್ನವನ್ನು ಹೊರಗೆ ಬಿಡುತ್ತಿತ್ತು.
ಗೇಟು ಬಿದ್ದಿತ್ತು. ಭಾವನ ಫೋನು: ಏನಾಗಿತ್ತಂತೆ?
ಕೆಳಗಿನ ಪೈಪು ಎಂದೆ.
"ಬಿಸಿಲಿಗೇ ಹಂಗಾಗಿರ್ತೈತೆ ಬಿಡು."
ಅದಿರಿನ ಗೂಡ್ಸು ಹೋಗುತ್ತಲೇ ಇತ್ತು.
ಇಂಜಿನ್ ಆರಿಸದೆ, ಮುಳ್ಳಿನ ಮೇಲೆ ಕಣ್ಣಿಟ್ಟು
ಐವತ್ತೆಂಟು ಡಬ್ಬಿ ಕಾದೆ.