ಈ ಹೆಸರು ಈಗಾಗಲೇ ಇದೆ

ಉಲಾನ್‌ಬಾತರಿನ ಬಸ್ ಡಿಪೋ ಹಿಂದೆ, ನೆಲಮಾಳಿಗೆಯಲ್ಲಿ,
ಮೂವತ್ತು ಕಂಪ್ಯೂಟರು, ಒಂದು ಹೀಟರು, ನಾನು.
ಹೊರಗೆ ಮೈನಸ್ ಮೂವತ್ತೊಂದು. ಕಲ್ಲಿದ್ದಲ ಹೊಗೆ
ಮೆಟ್ಟಿಲಿಳಿದು ಬಂದು ಗಿರಾಕಿಯ ಹಾಗೆ ಬಾಗಿಲಲ್ಲಿ ನಿಲ್ಲುತ್ತದೆ.
ಗಂಟೆಗೆ ಸಾವಿರದೈನೂರು ತುಗ್ರಿಕ್. ರಾತ್ರಿಯಿಡೀ ಕೂತರೆ ರಿಯಾಯಿತಿ.

ನನ್ನ ಪರದೆಯಲ್ಲಿ ಎಲ್ಲರ ಹೆಸರೂ ಕಾಣುತ್ತದೆ:
ಡಾರ್ಕ್ ವುಲ್ಫ್ 07. ಡಾರ್ಕ್ ವುಲ್ಫ್ 70.
ಚೋನೋ. ಚೋನೋಚೋನೋ. ಎರಡು ಅಡಿಗೆರೆಗಳ ನಡುವೆ ಸಿಕ್ಕಿಕೊಂಡ ಚೋನೋ.
ಅದೂ ತೋಳವೇ, ನಮ್ಮ ಮಾತಿನಲ್ಲಿ.
ಶ್ಯಾಡೋ ಕಿಲ್ಲರ್ ಮೂರು ಜನ; ಅವರಲ್ಲೊಬ್ಬ
ಟಾಯ್ಲೆಟ್ಟಿಗೆ ಹೋಗಲು ನನ್ನ ಟಾರ್ಚು ಕೇಳುತ್ತಾನೆ.
ಚೆಂಗಿಸ್ 1206 ಬಾಕಿ ತೀರಿಸದೆ ನಾಲ್ಕು ವಾರ.
ಹೆಸರು ಕ್ಷೀರಸಾಗರ,
ಮನೆಯಲ್ಲಿ ಮಜ್ಜಿಗೆಗೂ ತತ್ವಾರ.

ನಗಬಾರದು. ನಾವೇನು ಕಮ್ಮಿಯೇ?
ಮನೆತನದ ಹೆಸರುಗಳನ್ನು ಅಜ್ಜನ ಕಾಲದಲ್ಲೇ ಅಳಿಸಿದ್ದರು.
ಮತ್ತೆ ಇಟ್ಟುಕೊಳ್ಳಿ ಎಂದು ಸರ್ಕಾರ ಹೇಳುವ ಹೊತ್ತಿಗೆ
ಯಾರಿಗೂ ನೆನಪಿರಲಿಲ್ಲ.
ಅಪ್ಪ ಕ್ಯೂನಲ್ಲಿ ನಿಂತ, ಟೊಪ್ಪಿ ಕೈಯಲ್ಲಿ ಹಿಡಿದು.
ಮುಂದಿದ್ದವನು ಬೋರ್ಜಿಗಿನ್ ಎಂದ, ಖಾನನ ವಂಶ.
ಅವನ ಮುಂದಿದ್ದವಳೂ ಅದನ್ನೇ ಅಂದಿದ್ದಳು.
ಕೌಂಟರಿನ ಹೆಂಗಸು ತಲೆಯೆತ್ತದೆ ಕೇಳಿದಳು:
"ನಿಮ್ಮದೂ ಅದೇ ತಾನೆ?"
ಅಪ್ಪ, ಬಾಯ್ಲರ್ ರಿಪೇರಿಯವ, ಅರೆಕ್ಷಣ ತಡೆದು
"ಅದೇ" ಅಂದ.
ಆ ಸಂಜೆ ನಮ್ಮ ಬೀದಿಯೊಂದರಲ್ಲೇ
ಹನ್ನೊಂದು ರಾಜಮನೆತನಗಳು ಆಲೂಗಡ್ಡೆ ಸುಲಿಯುತ್ತ ಕೂತವು.

ನಿನ್ನೆ ಹೊಸ ಹುಡುಗನೊಬ್ಬ ಬಂದ, ನೀರಿನ ಗಾಡಿ ಎಳೆಯುವವನು.
ಹತ್ತೊಂಬತ್ತನೇ ಸೀಟು. ಕೈಗವಸನ್ನೂ ತೆಗೆಯದೆ
ಒಂದೊಂದೇ ಅಕ್ಷರ ಒತ್ತಿದ, ತನ್ನ ಸ್ವಂತ ಹೆಸರು:
ನೆರ್‌ಗುಯಿ.
ಹೆಸರಿಲ್ಲ ಅಂತ ಅರ್ಥ.
ಮೊದಲ ಮಕ್ಕಳು ಹೋದ ಮೇಲೆ ತಾಯಿ ಹಾಗೆ ಇಡುತ್ತಾಳೆ,
ಹುಡುಕಿಕೊಂಡು ಬಂದದ್ದು
ಇಲ್ಲಿ ಯಾರೂ ಇಲ್ಲವೆಂದು
ಹೊಸ್ತಿಲಿಂದಲೇ ಹಿಂದಿರುಗಲಿ ಅಂತ.

ಪರದೆ ಕೆಂಪಾಯಿತು.
ಈ ಹೆಸರು ಈಗಾಗಲೇ ಇದೆ. ಬೇರೆ ಆರಿಸಿ.

ನನ್ನ ಕಡೆ ತಿರುಗಿದ: "ಅಕ್ಕಾ, ಇಲ್ಲ ಅನ್ನೋದೂ ಇದೆಯಂತೆ."
"ಒಂದು ಅಂಕಿ ಸೇರಿಸು" ಅಂದೆ. ಎಲ್ಲರಿಗೂ ನಾನು ಹೇಳುವುದು ಅದೇ.
ಒಂದು, ಇದೆ. ಎರಡು, ಇದೆ. ಏಳು, ಒಂಬತ್ತು, ಹನ್ನೆರಡು.
ಹುಟ್ಟಿದ ವರ್ಷ. ಅದೂ ಇದೆ.
ಚಹಾಕ್ಕೆ ಉಪ್ಪು ಹಾಕುವುದನ್ನೇ ಮರೆತು ನೋಡುತ್ತಿದ್ದೆ:
ಒಂದೊಂದು ಅಂಕಿಯ ಹಿಂದೆ ಒಬ್ಬೊಬ್ಬ ತಾಯಿ
ತೊಟ್ಟಿಲಿಗೆ ಬೆನ್ನು ಕೊಟ್ಟು ನಿಂತು
ಇದಲ್ಲ, ಇದು ಮಗುವೇ ಅಲ್ಲ, ಮುಂದೆ ಹೋಗು ಅನ್ನುತ್ತಿದ್ದಳು.

ನಲವತ್ತೊಂದಕ್ಕೆ ಬಾಗಿಲು ತೆರೆಯಿತು.

ಎರಡು ಗಂಟೆ ಆಡಿದ. ಆಡಿದ್ದಕ್ಕಿಂತ ಸತ್ತದ್ದೇ ಹೆಚ್ಚು.
ತೋಳಗಳು ಸರದಿಯಲ್ಲಿ ಹರಿದು ತಿಂದವು.
ಆಮೇಲೆ ಯಾವುದೋ ಮುರುಕು ಸೇತುವೆಯ ಮೇಲೆ
ನೆರ್‌ಗುಯಿ 12 ಬಂದು, ಗುಂಡಿಕ್ಕಿ, ಬರೆದ:
ಯಾರೋ ನೀನು?
ಹೆಸರಿಲ್ಲ, ಇವನು ಬರೆದ. ನೀನು?
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ: ನಿನಗಿಂತ ಮುಂಚೆ ಎಷ್ಟು?
ಇವನು ಕಾಣುತ್ತದೇನೋ ಎಂಬಂತೆ
ಪರದೆಗೆ ಎರಡು ಬೆರಳು ತೋರಿಸಿದ,
ನೆನಪಾಗಿ ಒತ್ತಿದ: ಇಬ್ಬರು.
ಆ ಕಡೆಯಿಂದ: ನನಗೆ ನಾಲ್ಕು.
ಏಳು. ಈ ಸಲ ಹೊಡೆಯೋಲ್ಲ.

ಹೋಗುವಾಗ ಇನ್ನೂರು ತುಗ್ರಿಕ್ ಕಡಿಮೆ ಬಿತ್ತು ಅವನಿಗೆ.
ಬಾಕಿ ಯಾರ ಹೆಸರಿಗೆ ಬರೆಯಲಿ ಎಂದು
ಲೆಕ್ಕದ ಪುಸ್ತಕದ ಮೇಲೆ ಪೆನ್ನು ಹಿಡಿದು ಕೂತೆ.
ಆಮೇಲೆ ಚೆಂಗಿಸನ ಕೆಳಗಿನ ಸಾಲಿನಲ್ಲಿ
ಇದ್ದದ್ದನ್ನೇ ಬರೆದೆ:
ಹೆಸರಿಲ್ಲ. ಇನ್ನೂರು.